ಕ್ಯಾಮೆರಾ ಯಾವ ದಂಡೆ ಮ್ಯಾಲೆ ನಿಂತೈತಿ?



‘ಕ್ಯಾಮೆರಾಕ್ಕೆ ಜಾತಿ ಇಲ್ಲ, ಟೆಕ್ನಿಕ್‌ಗೆ ಜಾತಿ ಇಲ್ಲ, ದಯವಿಟ್ಟು ಇದರಲ್ಲೂ ಜಾತಿ ತರಬೇಡಿ.’ ಸಿನಿಮಾದವರ ಬಾಯಲ್ಲಿ ಈ ಮಾತನ್ನ ಎಷ್ಟು ಸಲ ಕೇಳೀನೋ ಲೆಕ್ಕ ಇಲ್ಲ. ಸರಿ, ಒಪ್ಪಿದೆ. ಕ್ಯಾಮೆರಾ ಒಂದು ಯಂತ್ರ, ಲೆನ್ಸ್ ಅಂದ್ರ ಗಾಜು. ಅದಕ್ಕೆ ಜಾತಿ ಸರ್ಟಿಫಿಕೇಟ್ ಕೊಡೋಕೆ ಯಾವ ತಹಶೀಲ್ದಾರರಿಗೂ ಆಗಲ್ಲ. ಆದರೆ ಆ ಕ್ಯಾಮೆರಾ ಸ್ಟ್ಯಾಂಡಿಗೆ ಮೂರು ಕಾಲು ಅದಾವಲ್ರೀ, ಆ ಮೂರು ಕಾಲು ಯಾರ ಅಂಗಳದಾಗ ಊರ್ಯಾವ? ನನ್ನ ಪ್ರಶ್ನೆ ಇಷ್ಟೇ.

ಈಗ ಯಾಕೆ ಬರೀತಿದೀನಿ ಅಂದ್ರ, ಏಪ್ರಿಲ್ 14ಕ್ಕೆ ನಮ್ಮ ಕೇರಿ ಹುಡುಗರು ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡೋಕೆ ಹೊರಟಿದ್ದಾರೆ. ಒಬ್ಬ ಅನುಭವಿ ಛಾಯಾಗ್ರಾಹಕರು ಬಂದು ಎರಡು ದಿನ ಹೇಳಿಕೊಟ್ಟು ಹೋದರು. ಒಂದು ರೂಪಾಯಿ ತಗೊಳ್ಳಲಿಲ್ಲ, ಅವರಿಗೆ ನಾವು ಋಣಿ. ಆದರೆ ಹೋಗುವಾಗ ಹೇಳಿದರಂತೆ: ‘ಇದು ಬರೀ ಗ್ರಾಮರ್. ಗ್ರಾಮರ್‌ನಲ್ಲಿ ರಾಜಕೀಯ ಹುಡುಕಬೇಡಿ.’ ಹುಡುಗರು ಬಂದು ಕೇಳಿದರು, ‘ಅಣ್ಣಾ, ಹೌದಾ?’ ಅವರಿಗೆ ಕೊಡೋ ಉತ್ತರವನ್ನೇ ಇಲ್ಲಿ ಎಲ್ಲರ ಮುಂದೆ ಇಡ್ತಿದೀನಿ. ಉದ್ದ ಐತಿ, ಸಮಾಧಾನದಿಂದ ಪೂರ್ತಿ ಓದ್ರಿ.

ಮೊದಲು ಆ ನಿಯಮ ಏನು ಅಂತ ತಿಳ್ಕೊಳ್ಳೋಣ.

ಹಂಪಿಯಲ್ಲಿ ಹೊಳೆ ದಂಡೆ ಮೇಲೆ ನಿಂತು ನೀರಿನ ಕಡೆ ಮುಖ ಮಾಡ್ರಿ. ತುಂಗಭದ್ರೆ ನಿಮ್ಮ ಎಡಗಡೆಯಿಂದ ಬಲಗಡೆಗೆ ಹರೀತಾಳೆ. ಎಡಕ್ಕೆ ಡ್ಯಾಮ್ ಕಡೆ, ಬಲಕ್ಕೆ ಕಂಪ್ಲಿ ಕಡೆ. ಈಗ ಹರಿಗೋಲು ಹತ್ತಿ ಆನೆಗುಂದಿ ದಂಡೆಗೆ ಹೋಗಿ ಅಲ್ಲಿಂದ ನೋಡ್ರಿ. ನೀರು ಬಲದಿಂದ ಎಡಕ್ಕೆ ಹರಿಯೋದು ಕಾಣ್ತದ. ಹೊಳೆ ಅದೇ, ನೀರು ದಿಕ್ಕು ಬದಲಿಸಿಲ್ಲ, ನೋಡೋನು ದಂಡೆ ಬದಲಿಸ್ಯಾನ. ನಮಗೆ ಇದು ಗೊತ್ತಿರೋದು ನಾವೇ ಹೊಳೆ ದಾಟಿ ಬಂದಿರೋದರಿಂದ. ಸಿನಿಮಾ ನೋಡೋ ಮನುಷ್ಯ ಕುರ್ಚಿಯಲ್ಲೇ ಕೂತಿರ್ತಾನೆ, ಅವನು ದಾಟಿಲ್ಲ. ಅವನಿಗೆ ಈ ದಂಡೆಯ ಒಂದು ಶಾಟ್, ಆ ದಂಡೆಯ ಒಂದು ಶಾಟ್ ಜೋಡಿಸಿ ತೋರಿಸಿದರೆ ಹೊಳೆ ಹಿಂದಕ್ಕೆ ಹರಿದಂಗೆ ಅನಿಸ್ತದ.

ಇಬ್ಬರು ಮಾತಾಡುವ ಸೀನ್‌ಗೂ ಇದೇ ಲೆಕ್ಕ. ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ ಐತಿ ಅಂದ್ಕೊಳ್ರಿ. ಸಿನಿಮಾದವರು ಅದಕ್ಕೆ ‘ಆಕ್ಸಿಸ್’ ಅಂತಾರೆ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದ ಅರ್ಧ ವೃತ್ತದೊಳಗೆ, ಅಂದರೆ 180 ಡಿಗ್ರಿಯೊಳಗೆ, ಎಲ್ಲಿ ಬೇಕಾದರೂ ಓಡಾಡಬಹುದು. ಹಾಗಿದ್ದಾಗ ಒಬ್ಬನ ‘ಲುಕ್’ ಬಲಕ್ಕಿದ್ದರೆ ಇನ್ನೊಬ್ಬನ ಲುಕ್ ಎಡಕ್ಕಿರ್ತದ, ನೋಟಕ್ಕೆ ನೋಟ ಕೂಡ್ತದ. ಗೆರೆ ದಾಟಿ ಆ ಕಡೆ ಹೋಗಿ ಇನ್ನೊಬ್ಬನನ್ನ ತೆಗೆದರೆ? ಇಬ್ಬರೂ ಒಂದೇ ದಿಕ್ಕಿಗೆ ನೋಡ್ತಾರೆ. ಎದುರುಬದುರು ಕೂತವರು ಯಾರೋ ಮೂರನೆಯವನ ಹತ್ತಿರ ಮಾತಾಡಿದಂಗೆ ಕಾಣ್ತದ. ಫ್ರೇಮಿನ ಬಲಗಡೆಯಿಂದ ಹೊರಗೆ ಹೋದ ಮನುಷ್ಯ ಮುಂದಿನ ಶಾಟ್‌ನಲ್ಲಿ ಎಡಗಡೆಯಿಂದ ಒಳಗೆ ಬರಬೇಕು ಅನ್ನೋದೂ ಇದರ ಭಾಗವೇ. ಬಲಗಡೆಯಿಂದಲೇ ಬಂದರೆ ಏನೋ ಮರೆತು ವಾಪಸ್ ಬಂದ ಅನಿಸ್ತದ. ಅದೇ ಮನುಷ್ಯನನ್ನ ಇನ್ನೊಂದು ಶಾಟ್‌ನಲ್ಲಿ ತೆಗೆಯೋದಾದರೆ ಕ್ಯಾಮೆರಾ ಕಡಿಮೆ ಅಂದ್ರೂ 30 ಡಿಗ್ರಿ ಸರೀಬೇಕು, ಇಲ್ಲದಿದ್ದರೆ ಚಿತ್ರ ಎಗರಿದಂಗೆ ಕಾಣ್ತದ.

ಇಷ್ಟು ವ್ಯಾಕರಣ. ಇದು ಕೆಟ್ಟದ್ದಲ್ಲ, ಬೇಕಾದ್ದೇ. ನಾನು ಇದನ್ನ ಬೈಯೋಕೆ ಬಂದಿಲ್ಲ.

ಆದರೆ ನಿಯಮದ ಮಾತನ್ನ ಸರಿಯಾಗಿ ಕೇಳ್ರಿ. ಗೆರೆಯ ‘ಒಂದು ಪಕ್ಕ’ ಆರಿಸ್ಕೋ, ಅಲ್ಲೇ ಇರು ಅಂತ ಹೇಳ್ತದ. ಯಾವ ಪಕ್ಕ ಅಂತ ಹೇಳಲ್ಲ. ಯಾರ ಭುಜದ ಹಿಂದಿನಿಂದ ನೋಡಬೇಕು, ಎಷ್ಟು ಎತ್ತರಕ್ಕಿಡಬೇಕು, ಸೀನ್ ಮುಗಿದ ಮೇಲೆ ಯಾರ ಸಂಗಡ ಹೋಗಬೇಕು ಅನ್ನೋದನ್ನೂ ಹೇಳಲ್ಲ. ಅದನ್ನೆಲ್ಲ ಹೇಳೋನು ಮನುಷ್ಯ. ಆ ಮನುಷ್ಯ ಎಲ್ಲಿ ಹುಟ್ಟಿ, ಯಾವ ಮನೆಯ ಜಗಲಿ ಮೇಲೆ ಕೂತು ಊರು ನೋಡಿದ್ದಾನೋ ಅಲ್ಲಿಂದಲೇ ಹೇಳ್ತಾನೆ. ವ್ಯಾಕರಣ ಮುಗಿದು ರಾಜಕೀಯ ಶುರುವಾಗೋದು ಅಲ್ಲಿಂದ.

ನಮ್ಮ ಹಳ್ಳಿ ಸಿನಿಮಾಗಳಲ್ಲಿ ನೂರಾರು ಸಲ ಬಂದ ಒಂದು ಸೀನ್ ತಗೋಳ್ರಿ. ಗೌಡರು ಜಗಲಿ ಮೇಲೆ ಕುರ್ಚಿಯಲ್ಲಿ. ಕೆಳಗೆ ಅಂಗಳದಲ್ಲಿ ನಮ್ಮವನು, ಕಂಕುಳಲ್ಲಿ ಟವೆಲ್, ಬಗ್ಗಿದ ಬೆನ್ನು. ಮಗಳ ಮದುವೆಗೆ ಸಾಲ ಕೇಳೋಕೆ ಬಂದಿದ್ದಾನೆ ಅಂತಲೇ ಇಟ್ಕೊಳ್ರಿ. ಮೊದಲು ಮಾಸ್ಟರ್ ಶಾಟ್. ಆಮೇಲೆ ಗೌಡರ ಭುಜದ ಹಿಂದಿನಿಂದ ಒಂದು ಸಜೆಷನ್ ಶಾಟ್, ಕೆಳಗೆ ಕೈಮುಗಿದು ನಿಂತ ನಮ್ಮವನು. ಆಮೇಲೆ ಗೌಡರ ಕ್ಲೋಸಪ್, ಅವರ ಕಣ್ಣಿನ ಮಟ್ಟಕ್ಕೇ. ಅವರು ಯೋಚನೆ ಮಾಡ್ತಾರೆ, ಮನಸ್ಸು ಕರಗ್ತದ, ಇಲ್ಲಾ ಗಟ್ಟಿಯಾಗ್ತದ. ಆಮೇಲೆ ನಮ್ಮವನ ಕ್ಲೋಸಪ್, ಮೇಲಿನಿಂದ. ಅವನಿಗೆ ಯೋಚನೆ ಇಲ್ಲ, ಕಣ್ಣೀರು ಐತಿ. ಕೊನೆಗೆ ಅವನು ಹೊರಡ್ತಾನೆ, ಕ್ಯಾಮೆರಾ ಗೌಡರ ಸಂಗಡ ಜಗಲಿ ಮೇಲೇ ಉಳಿದು ಅವನ ಬೆನ್ನು ಗೇಟು ದಾಟೋವರೆಗೂ ನೋಡ್ತದ. ಕಟ್. ಮುಂದಿನ ಸೀನ್ ಗೌಡರ ಅಡಿಗೆಮನೆ.

ಈ ಸೀನ್‌ನಲ್ಲಿ ಆಕ್ಸಿಸ್ ತಪ್ಪಿಲ್ಲ. ಲುಕ್ ಸರಿ ಐತಿ, ಕಂಟಿನ್ಯುಯಿಟಿ ಸರಿ ಐತಿ. ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೆ ನಮ್ಮವನ ಭುಜದ ಹಿಂದಿನಿಂದ, ಅಂಗಳದ ಮಣ್ಣಿನ ಮಟ್ಟದಿಂದ, ಜಗಲಿ ಕಡೆ ನೋಡೋ ಶಾಟ್ ಎಲ್ಲಿ ಹೋಯ್ತು? ಗೆರೆಯ ಅದೇ ಪಕ್ಕದಲ್ಲಿ ಆ ಶಾಟ್‌ಗೂ ಜಾಗ ಇತ್ತಲ್ಲ, ನಿಯಮ ಎಲ್ಲೂ ತಡೀಲಿಲ್ಲ. ಇನ್ನೊಂದು ಕೇಳ್ತೀನಿ. ಫ್ರೇಮಿನಿಂದ ಬಲಕ್ಕೆ ಹೋದವನು ಮುಂದಿನ ಶಾಟ್‌ನಲ್ಲಿ ಎಡದಿಂದ ಬರಬೇಕು ಅಂತ ನೀವೇ ಹೇಳಿದ್ರಿ. ನಮ್ಮವನು ಗೇಟು ದಾಟಿ ಹೋದ. ಅವನ ಮುಂದಿನ ಶಾಟ್ ಯಾವಾಗ? ಮನೆಗೆ ಹೋಗಿ ಹೆಂಡತಿಗೆ ಏನಂದ? ದಾರಿಯಲ್ಲಿ ಗೌಡರಿಗೆ ಏನು ಬೈಕೊಂಡ? ಅವನು ನೀರು ಕುಡಿದದ್ದು ಯಾವ ನಲ್ಲಿಯಲ್ಲಿ? ಇದ್ಯಾವುದೂ ಪರದೆ ಮೇಲೆ ಬರಲ್ಲ. ಅವನ ಕಂಟಿನ್ಯುಯಿಟಿ ಗೇಟಿನಲ್ಲೇ ಕತ್ತರಿಸಿಹೋಗ್ತದ.

ಉತ್ಪ್ರೇಕ್ಷೆ ಅಂತೀರಾ? ನಿಮಗಿಷ್ಟದ ಹತ್ತು ಹಳ್ಳಿ ಸಿನಿಮಾ ತಗೊಂಡು, ಸೌಂಡ್ ಬಂದ್ ಮಾಡಿ, ಒಡೆಯ-ಆಳಿನ ಸೀನ್‌ಗಳನ್ನ ಮಾತ್ರ ನೋಡಿ. ಒಂದು ಹಾಳೆ ಮೇಲೆ ಎರಡು ಕಾಲಂ ಹಾಕ್ರಿ: ಒಡೆಯನ ಭುಜದ ಹಿಂದಿನಿಂದ ಎಷ್ಟು ಶಾಟ್, ಆಳಿನ ಭುಜದ ಹಿಂದಿನಿಂದ ಎಷ್ಟು. ನಾನು ಗುಮಾಸ್ತ, ಲೆಕ್ಕ ಹಾಕೋದೇ ನನ್ನ ಕೆಲಸ. ನೀವೇ ಹಾಕಿ ನೋಡ್ರಿ, ನನ್ನ ಮಾತು ನಂಬಬೇಡ್ರಿ.

ನಮ್ಮ ಬಗ್ಗೆ ಅನುಕಂಪದಿಂದ ತೆಗೆದ ದೊಡ್ಡ ಸಿನಿಮಾಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ‘ಚೋಮನ ದುಡಿ’ 1975ರಲ್ಲಿ ಬಂತು, ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಸ್ವರ್ಣ ಕಮಲ ಬಂತು, ಚೋಮನಾಗಿದ್ದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತುಂಡು ಭೂಮಿಗಾಗಿ ಆಸೆಪಟ್ಟ ಒಬ್ಬ ಹೊಲೆಯನ ಕತೆಯನ್ನ ದೇಶದ ಮುಂದೆ ಇಟ್ಟ ಆ ಸಿನಿಮಾಕ್ಕೆ ನನ್ನ ಗೌರವ ಐತಿ. ಆದರೂ ಕೇಳ್ತೀನಿ: ಆ ಕತೆಯಲ್ಲಿ ನಾವು ಚೋಮನನ್ನ ನೋಡ್ತೀವೋ, ಇಲ್ಲಾ ಚೋಮನ ಕಣ್ಣಿನಿಂದ ಸಂಕಪ್ಪಯ್ಯನನ್ನ ನೋಡ್ತೀವೋ? ಸತ್ಯಜಿತ್ ರೇ 1981ರಲ್ಲಿ ಪ್ರೇಮಚಂದರ ಕತೆಯಿಂದ ‘ಸದ್ಗತಿ’ ಮಾಡಿದರು. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳೋಕೆ ಬಂದ ದುಖಿಯನ್ನ ಬ್ರಾಹ್ಮಣ ಹೊಟ್ಟೆಗೆ ಹಾಕದೆ ಕಟ್ಟಿಗೆ ಸೀಳೋಕೆ ಹಚ್ಚಿ ಸಾಯಿಸ್ತಾನೆ. ಆಮೇಲೆ ಹೆಣ ಮುಟ್ಟಬಾರದು ಅಂತ ಕಾಲಿಗೆ ಹಗ್ಗ ಹಾಕಿ ಎಳೀತಾನೆ. ನೋಡಿದವರಿಗೆ ಎದೆ ನಡುಗ್ತದ, ನನಗೂ ನಡುಗಿತು. ಆದರೆ ಅಲ್ಲೂ ನಮ್ಮವನಿಗೆ ಸಿಕ್ಕಿದ್ದು ಸಾವು, ನೋಡುವವನಿಗೆ ಸಿಕ್ಕಿದ್ದು ಮರುಕ. ಮರುಕ ಅನ್ನೋದು ಯಾವಾಗಲೂ ಸ್ವಲ್ಪ ಎತ್ತರದಿಂದ ಕೆಳಕ್ಕೆ ಇಳಿಯೋ ವಸ್ತು.

ಈಚೆಗೆ ಬಂದ ‘ಕಾಟೇರ’ (2023) ಕತೆ ಬೇರೆ. ಗೇಣಿದಾರರ ಹೋರಾಟ, ಎಪ್ಪತ್ತರ ದಶಕದ ಭೂಸುಧಾರಣೆ, ಕುಲುಮೆಯ ಹೀರೋ. ಅದರ ಕತೆ ಬರೆದವರಲ್ಲಿ ಹೆಸರಿನಲ್ಲೇ ನಮ್ಮ ಹಂಪಿ ಇಟ್ಟುಕೊಂಡ ಜಡೇಶ ಕೆ. ಹಂಪಿ ಒಬ್ಬರು ಅನ್ನೋದು ನಮಗೆ ಖುಷಿ. ದುಡಿಯೋ ಮನುಷ್ಯನನ್ನ ಕೆಳಗಿನಿಂದ ಮೇಲಕ್ಕೆ, ಲೋ ಆಂಗಲ್‌ನಲ್ಲಿ ತೋರಿಸಿದರು, ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ಸಂತೋಷ. ಆದರೆ ಆ ಲೋ ಆಂಗಲ್ ಕಾಟೇರನಿಗೆ ಕೊಟ್ಟದ್ದೋ, ಸ್ಟಾರ್‌ಗೆ ಕೊಟ್ಟದ್ದೋ? ಹೀರೋನ ಪಕ್ಕದಲ್ಲಿ ನಿಂತ ಹೆಸರಿಲ್ಲದ ಗೇಣಿದಾರನಿಗೆ ಒಂದು ಶಾಟ್ ಸಿಕ್ಕಾಗ ನಾನು ಇನ್ನೂ ಜೋರಾಗಿ ಶಿಳ್ಳೆ ಹಾಕ್ತೀನಿ.

‘ಊರಲ್ಲಿ ಜಗಲಿ ಎತ್ತರ ಇರೋದೇ ಸತ್ಯ, ಅದನ್ನ ತೋರಿಸಿದ್ದೀವಿ, ಅದು ವಾಸ್ತವ’ ಅಂತ ವಾದ ಮಾಡೋರು ಇದ್ದಾರೆ. ಹೌದು ಸ್ವಾಮಿ, ಜಗಲಿ ಎತ್ತರ ಐತಿ. ಆದರೆ ಎತ್ತರದ ಜಗಲಿ ಮೇಲಿನಿಂದ ಕಾಣೋ ವಾಸ್ತವ ಒಂದು, ಅದರ ಕೆಳಗೆ ನಿಂತು ಕತ್ತೆತ್ತಿದಾಗ ಕಾಣೋ ವಾಸ್ತವ ಇನ್ನೊಂದು. ಎರಡೂ ಒಂದೇ ಊರಿನ ಸತ್ಯ. ನೀವು ಯಾವಾಗಲೂ ಒಂದನ್ನೇ ಆರಿಸಿ ಅದಕ್ಕೆ ‘ವಾಸ್ತವ’ ಅಂತ ಹೆಸರಿಡೋದು ಯಾವ ನ್ಯಾಯ?

ಜಪಾನಿನಲ್ಲಿ ಯಸುಜಿರೊ ಓಝು ಅಂತ ಒಬ್ಬ ನಿರ್ದೇಶಕ ಇದ್ದ. 1953ರ ಅವನ ‘ಟೋಕಿಯೋ ಸ್ಟೋರಿ’ಯನ್ನ ಜಗತ್ತಿನ ದೊಡ್ಡ ಸಿನಿಮಾಗಳ ಸಾಲಿನಲ್ಲಿ ಇಡ್ತಾರೆ. ಅವನ ಕ್ಯಾಮೆರಾ ಚಾಪೆ ಮೇಲೆ ಕೂತ ಮನುಷ್ಯನ ಎತ್ತರಕ್ಕೆ, ಅದಕ್ಕಿಂತಲೂ ಕೆಳಗೆ ಇರ್ತಿತ್ತು. ಅವನ ಜನ ನೆಲದ ಮೇಲೆ ಕೂತು ಉಣ್ಣೋರು, ಮಾತಾಡೋರು. ಈಗ ಹೇಳಿದ 180 ಡಿಗ್ರಿ ಗೆರೆಯನ್ನ ಅವನು ಸಿನಿಮಾದಿಂದ ಸಿನಿಮಾಕ್ಕೆ, ಗೊತ್ತಿದ್ದೇ ದಾಟ್ತಿದ್ದ. ಯಾರೂ ಅವನಿಗೆ ಗ್ರಾಮರ್ ಬರಲ್ಲ ಅನ್ನಲಿಲ್ಲ. ನಮ್ಮ ಕೇರಿಯ ಮನೆಗಳಲ್ಲೂ ಜನ ನೆಲದ ಮೇಲೆ ಕೂತೇ ಉಣ್ತಾರೆ. ನಮ್ಮ ಅವ್ವ ರೊಟ್ಟಿ ಬಡಿಯೋ ಎತ್ತರಕ್ಕೆ ಕ್ಯಾಮೆರಾ ಇಡೋಕೆ ನಿಮ್ಮ ಸ್ಟ್ಯಾಂಡಿನ ಕಾಲು ಯಾಕೆ ಬಗ್ಗಲ್ಲ?

ಒಂದು ಮಾತು ಹೆಣ್ಣುಮಕ್ಕಳ ಬಗ್ಗೆ. ನಮ್ಮ ಹೆಣ್ಣುಮಗಳ ಮೇಲೆ ದೌರ್ಜನ್ಯದ ಸೀನ್ ಬಂದಾಗ ಕ್ಯಾಮೆರಾ ಯಾರ ಭುಜದ ಹಿಂದೆ ಇರ್ತದ ಅಂತ ಗಮನಿಸ್ರಿ. ದೌರ್ಜನ್ಯ ಮಾಡೋನ ಭುಜದ ಹಿಂದೆ. ಅವನು ನೋಡಿದ್ದನ್ನೇ ಥಿಯೇಟರಿನಲ್ಲಿರೋ ಎಲ್ಲರೂ ನೋಡ್ತಾರೆ. ಆಮೇಲೆ ಎರಡು ನಿಮಿಷ ಶೋಕದ ಸಂಗೀತ ಹಾಕಿ ‘ನಾವು ದೌರ್ಜನ್ಯದ ವಿರುದ್ಧ ಸಿನಿಮಾ ಮಾಡಿದ್ದೀವಿ’ ಅಂತಾರೆ. ಅವಳ ಕಣ್ಣಿನ ಕಡೆಯಿಂದ ಅವನ ಮುಖ ತೋರಿಸಿದ್ದರೆ ಅದು ವಿರುದ್ಧ ಆಗ್ತಿತ್ತು.

ನಾನು ಆಫೀಸಿನಲ್ಲಿ ಕೌಂಟರ್ ಹಿಂದೆ ಕೂರೋನು. ಒಳಗಿನಿಂದ ನೋಡಿದರೆ ಕಿಟಕಿಯಲ್ಲಿ ಬಗ್ಗಿದ ಮುಖಗಳು ಕಾಣ್ತಾವ, ಒಂದರ ಹಿಂದೆ ಒಂದು, ಎಲ್ಲಾ ಒಂದೇ ಥರ, ಎಲ್ಲಾ ತೊಂದರೆ ಕೊಡೋಕೆ ಬಂದವರಂಗೆ. ಹೊರಗಿನಿಂದ ನೋಡೋರಿಗೆ ನಾನು ಮನುಷ್ಯನೇ ಅಲ್ಲ, ಸೀಲ್ ಹಿಡಿದ ಒಂದು ಕೈ. ಮಧ್ಯಾಹ್ನ ಚಾ ಕುಡಿಯೋಕೆ ಹೊರಗೆ ಹೋಗಿ ಸಾಲಿನ ಹಿಂದೆ ನಿಂತಾಗಲೆಲ್ಲ ನನಗೆ ನನ್ನ ಆಫೀಸು ಬೇರೆ ಥರ ಕಾಣ್ತದ. ಯಾವ ಕಡೆ ಕೂತರೆ ಯಾರು ಮನುಷ್ಯರಾಗಿ ಕಾಣ್ತಾರೆ ಅನ್ನೋದು ಸಿನಿಮಾ ಶಾಲೆಗೆ ಹೋಗದವನಿಗೂ ತಿಳಿಯೋ ವಿಷಯ.

ನಮ್ಮ ಸೀಮೆಯನ್ನೇ ತಗೋಳ್ರಿ. ಹಂಪಿಗೆ ಶೂಟಿಂಗ್‌ಗೆ ಬರೋರು ಕಡಿಮೆ ಇಲ್ಲ. ಜಾಕಿ ಚಾನ್ ಕೂಡ ‘ದಿ ಮಿತ್’ (2005) ಸಿನಿಮಾಕ್ಕೆ ಬಂದು ಹೋದ. ಹಾಡುಗಳಲ್ಲಿ ಹೀರೋಯಿನ್ ಕಲ್ಲಿನ ರಥದ ಹತ್ತಿರ ತಿರುಗಿದರೆ ಕಮಲ ಮಹಲ್‌ನಲ್ಲಿ ಮುಖ ಕಾಣ್ತದ. ನಡುವೆ ಎಷ್ಟು ದೂರ ಐತಿ ಅಂತ ಬಿಸಿಲಲ್ಲಿ ನಡೆದ ನಮಗೆ ಗೊತ್ತು. ಅದು ಹಾಡು, ಬಿಡ್ರಿ. ನನಗೆ ಸಿಟ್ಟು ಬರೋದು ಇನ್ನೊಂದು ಕಟ್‌ಗೆ. ಹಂಪಿ ಬಗ್ಗೆ ಬರೋ ವಿಡಿಯೋಗಳು 1565ರ ಯುದ್ಧ ತೋರಿಸಿ ನೇರ 1986ಕ್ಕೆ, ಯುನೆಸ್ಕೋ ಪಟ್ಟಿಗೆ ಹಾರ್ತಾವ. ನಡುವಿನ 421 ವರ್ಷ ಇಲ್ಲಿ ಯಾರೂ ಬದುಕಲಿಲ್ಲವಾ? ದನ ಕಾದವರು, ಚರ್ಮ ಹದ ಮಾಡಿದವರು, ಗದ್ದೆಯಲ್ಲಿ ನಾಟಿ ಹಚ್ಚಿದವರು, ಹರಿಗೋಲು ಹಾಕಿದವರು ಯಾವ ಫ್ರೇಮಿನಲ್ಲಿ ಅದಾರ? 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬಾಳುವೆ ಮಾಡ್ತಿದ್ದವರನ್ನ ತೆರವು ಮಾಡಿ ಮನೆ-ಅಂಗಡಿ ಕೆಡವಿದರು. ಈಗ ಫೋಟೋ ತೆಗೆಯೋರಿಗೆ ಬೀದಿ ಖಾಲಿ, ಫ್ರೇಮ್ ‘ಕ್ಲೀನ್’.

ಸಂಡೂರಿಗೆ ಹೋಗ್ರಿ. ಮೇಲೆ ಡ್ರೋನ್ ಹಾರಿಸಿ ಕೆಂಪು ಗುಡ್ಡ, ಹಸಿರು ಕಣಿವೆ ತೋರಿಸ್ತಾರೆ. ಅದಿರು ಲಾರಿಯ ಧೂಳು ಕುಡಿಯೋ ಮನುಷ್ಯ ಡ್ರೋನ್‌ಗೆ ಚುಕ್ಕಿ. ಲಂಬಾಣಿ ತಾಯಂದಿರು ಕನ್ನಡಿ ಹಚ್ಚಿದ ಲಂಗ ತೊಟ್ಟು ಹಾಡಿನಲ್ಲಿ ಬರ್ತಾರೆ, ಹೀರೋ ಹಿಂದೆ ಬಣ್ಣವಾಗಿ. ಸಂಡೂರಿನ ಲಂಬಾಣಿ ಕಸೂತಿ ಹೊರದೇಶಕ್ಕೂ ಹೋಗ್ತದ. ಆ ಸೂಜಿ ಹಿಡಿದವಳು ಏನನ್ನ ನೋಡ್ತಿದ್ದಾಳೆ ಅಂತ ಒಂದು ಲುಕ್, ಒಂದು ಶಾಟ್ ನಾನಂತೂ ಯಾವ ಹಾಡಿನಲ್ಲೂ ಕಂಡಿಲ್ಲ.

ಹಾಗಂತ ಆ ದಂಡೆಯಿಂದ ಯಾರೂ ಕ್ಯಾಮೆರಾ ಹಿಡಿದೇ ಇಲ್ಲ ಅಂತಲ್ಲ. ಎರಡು ಕಲ್ಲಿನ ಕತೆ ಹೇಳ್ತೀನಿ.

ಮೊದಲ ಕಲ್ಲು 1930ರ ಸುಮಾರಿನದು, ತಿರುವನಂತಪುರದಲ್ಲಿ. ಜೆ.ಸಿ. ಡೇನಿಯಲ್ ಮಲಯಾಳಂನ ಮೊದಲ ಮೂಕಿ ಚಿತ್ರ ‘ವಿಗತಕುಮಾರನ್’ ತೋರಿಸ್ತಿದ್ದರು. ಅದರಲ್ಲಿ ನಾಯರ್ ಹೆಣ್ಣುಮಗಳ ಪಾತ್ರ ಮಾಡಿದ್ದು ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ದಲಿತಳೊಬ್ಬಳು ನಾಯರ್ ಹೆಣ್ಣಾಗಿ ಪರದೆ ಮೇಲೆ ಕಂಡದ್ದಕ್ಕೆ ಮೇಲ್ಜಾತಿಯವರು ಪರದೆಗೆ ಕಲ್ಲು ಹೊಡೆದರು. ರೋಸಿ ಊರು ಬಿಟ್ಟು ಓಡಿಹೋಗಬೇಕಾಯ್ತು. ಆ ಸಿನಿಮಾದ ಪ್ರಿಂಟ್ ಕೂಡ ಇವತ್ತು ಉಳಿದಿಲ್ಲ.

ಎರಡನೇ ಕಲ್ಲು 2013ರದು, ನಾಗರಾಜ ಮಂಜುಳೆ ಅವರ ಮರಾಠಿ ಸಿನಿಮಾ ‘ಫಂಡ್ರಿ’. ಹಂದಿ ಹಿಡಿಯೋ ಮನೆತನದ ಹುಡುಗ ಜಬ್ಯಾ ಶಾಲೆಯ ಹುಡುಗಿ ಶಾಲೂ ತನ್ನನ್ನ ಆ ಕೆಲಸದಲ್ಲಿ ನೋಡಬಾರದು ಅಂತ ಅಡಗ್ತಾನೆ. ಇಡೀ ಊರು ನಿಂತು ನೋಡಿ ನಗ್ತದ. ಯಾರು ಯಾರನ್ನ ನೋಡ್ತಾರೆ ಅನ್ನೋದೇ ಆ ಸಿನಿಮಾದ ಕತೆ, ಲುಕ್ಕೇ ಕತೆ. ಕೊನೆಗೆ ಜಬ್ಯಾ ಕಲ್ಲು ಎತ್ತಿ ಬೀಸ್ತಾನೆ. ಕಲ್ಲು ನೇರ ಲೆನ್ಸಿಗೆ ಬರ್ತದ, ಪರದೆ ಕಪ್ಪಾಗ್ತದ. ಕುರ್ಚಿಯಲ್ಲಿ ಕೂತು ಊರಿನವರ ಸಂಗಡ ನೋಡ್ತಿದ್ದ ನಮಗೇ ಬಿದ್ದ ಕಲ್ಲು ಅದು. ಅಲ್ಲಿ ಕಲ್ಲು ಪರದೆಗೆ ಬಿತ್ತು, ಇಲ್ಲಿ ಪರದೆಯಿಂದ ಬಂತು. ರೋಸಿಯ ಶಾಟ್‌ಗೆ ರಿವರ್ಸ್ ಶಾಟ್ ಬರೋಕೆ ಎಂಬತ್ತು ವರ್ಷ ಹಿಡೀತು.

2018ರಲ್ಲಿ ಮಾರಿ ಸೆಲ್ವರಾಜ್ ಅವರ ತಮಿಳು ಸಿನಿಮಾ ‘ಪರಿಯೇರುಂ ಪೆರುಮಾಳ್’ ಕೊನೆಗೆ ಎರಡು ಚಾ ಗ್ಲಾಸು ತೋರಿಸ್ತದ, ಒಂದು ಕಪ್ಪು ಚಾ, ಒಂದು ಹಾಲಿನ ಚಾ, ನಡುವೆ ಒಂದು ಹೂವು. ಸಿನಿಮಾ ವ್ಯಾಕರಣದಲ್ಲಿ ಗೆರೆ ಮೇಲೆಯೇ ಇಡೋ ಶಾಟ್‌ಗೆ ‘ನ್ಯೂಟ್ರಲ್ ಶಾಟ್’ ಅಂತಾರೆ. ಈ ಪಕ್ಕದಿಂದ ಆ ಪಕ್ಕಕ್ಕೆ ದಾಟೋಕೆ ಅದು ಸೇತುವೆ. ಈ ಎರಡು ಗ್ಲಾಸಿನ ಚಿತ್ರ ನನಗೆ ಅಂಥ ಸೇತುವೆ ಥರ ಕಾಣ್ತದ. ಎರಡೂವರೆ ಗಂಟೆ ಪರಿಯನ್ ಜೊತೆ ಅವಮಾನದ ದಾರಿ ನಡೆದ ಮೇಲೆ ಆ ನಡುವಿನ ಜಾಗಕ್ಕೆ ಒಂದು ಬೆಲೆ ಬಂತು. ನಮ್ಮ ‘ತಟಸ್ಥ’ ಗೆಳೆಯರು ಯಾವ ಕಡೆಗೂ ನಡೆಯದೆ ಮೊದಲ ದಿನವೇ ನಡುವೆ ಕುರ್ಚಿ ಹಾಕ್ಕೊಂಡು ಕೂರ್ತಾರಲ್ಲ, ಅದಕ್ಕೆ ಸೇತುವೆ ಅನ್ನಲ್ಲ.

ಇನ್ನು ನಮ್ಮವರಿಗೇ ಎರಡು ಖಾರದ ಮಾತು.

ನಮ್ಮ ಕೆಲವು ಹುಡುಗರು ಹೇಳ್ತಾರೆ, ‘ಅಣ್ಣಾ, ಆಕ್ಸಿಸ್ ಗೀಕ್ಸಿಸ್ ಎಲ್ಲಾ ಅವರ ರೂಲ್ಸ್. ನಾವು ಮುರೀತೀವಿ.’ ತಮ್ಮಾ, ಮುರಿಯೋಕೂ ಮೊದಲು ಕಲೀಬೇಕು. ಬಾಬಾಸಾಹೇಬರು ಅವರ ಶಾಸ್ತ್ರಗಳನ್ನ ಅವರಿಗಿಂತ ಚೆನ್ನಾಗಿ ಓದಿ ಆಮೇಲೆ ಉತ್ತರ ಕೊಟ್ಟರು. ಜಬ್ಯಾನ ಕಲ್ಲು ತಾಗಿದ್ದು ಯಾಕೆ? ಅಲ್ಲಿಯವರೆಗೆ ಲೆಕ್ಕವಾಗಿ ನಡೆದ ಸಿನಿಮಾ ಅದು. ಮೊದಲಿನಿಂದ ಎಲ್ಲರೂ ಲೆನ್ಸ್ ನೋಡ್ತಾ, ಶಾಟ್ ಎಗರ್ತಾ ಇದ್ದಿದ್ದರೆ ಕೊನೆಯ ಕಲ್ಲು ಇನ್ನೊಂದು ತಪ್ಪು ಶಾಟ್ ಆಗ್ತಿತ್ತು.

ಇದು ಬರೀ ಸಿನಿಮಾ ವಿಷಯ ಅಂದ್ಕೋಬೇಡ್ರಿ. ನಮ್ಮ ಕಡೆ ಒಂದು ಹಳ್ಳಿ, ಹೆಸರು ಹೇಳಲ್ಲ. ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ. ಒಬ್ಬ ಹುಡುಗ ಧೈರ್ಯ ಮಾಡಿ ಮೊಬೈಲಿನಲ್ಲಿ ತೆಗೆದ. ಆದರೆ ಎಂಟು ತುಂಡಾಗಿ ತೆಗೆದ. ಒಂದು ಒಳಗಿನಿಂದ, ಒಂದು ಹೊರಗಿನಿಂದ, ಒಂದರಲ್ಲಿ ಹೋಟೆಲಿನವನು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಆಮೇಲೆ ಜೋಡಿಸಿ, ಹಾಡು ಹಾಕಿ ಬಿಟ್ಟ. ಊರಿನ ದೊಡ್ಡವರು ಏನಂದರು ಗೊತ್ತಾ? ‘ಇದು ಎಡಿಟಿಂಗ್. ಯಾರು ಯಾರಿಗೆ ಹೇಳ್ತಿದ್ದಾರೆ ಅಂತಲೇ ಗೊತ್ತಾಗಲ್ಲ.’ ಕಣ್ಣಾರೆ ಕಂಡ ಸತ್ಯ, ಕ್ಯಾಮೆರಾ ಇಟ್ಟ ಜಾಗ ತಪ್ಪಿದ್ದಕ್ಕೆ ಸುಳ್ಳಿನಂಗೆ ಕಂಡಿತು. ಅವರಿಗೆ ಅಷ್ಟೇ ನೆಪ ಸಾಕಾಗಿತ್ತು. ಸಿನಿಮಾದಲ್ಲಿ ಗೆರೆ ತಪ್ಪಿದರೆ ನೋಡೋನಿಗೆ ಗೊಂದಲ ಆಗ್ತದ. ನಮ್ಮ ಬದುಕಿನಲ್ಲಿ ಗೆರೆ ತಪ್ಪಿದರೆ ಕೇಸ್ ಬೀಳ್ತದ.

ಕಾನೂನಿನಲ್ಲೂ ಕ್ಯಾಮೆರಾ ಐತಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ 15ಎ ಕಲಮಿನ 10ನೇ ಉಪಕಲಮು ಈ ಕಾಯ್ದೆಯ ಅಪರಾಧಗಳಿಗೆ ಸಂಬಂಧಪಟ್ಟ ಎಲ್ಲ ನಡಾವಳಿಗಳನ್ನೂ ವಿಡಿಯೋ ರೆಕಾರ್ಡ್ ಮಾಡಬೇಕು ಅಂತ ಹೇಳ್ತದ. ಕೇಳ್ರಿ, ಅದು ನಿಮ್ಮ ಹಕ್ಕು. ಕೇಳುವಾಗ ಇದನ್ನೂ ಕೇಳ್ರಿ: ಆ ಕ್ಯಾಮೆರಾ ಎಲ್ಲಿ ಇಡ್ತೀರಿ? ನೊಂದವರ ಮುಖ ಕಾಣ್ತದೋ, ಬರೀ ಬೆನ್ನೋ?

ಅದಕ್ಕೇ ಹುಡುಗರಿಗೆ ಇಷ್ಟು ಹೇಳ್ತೀನಿ. ಬರೆದಿಟ್ಕೊಳ್ರಿ.

ಸಾಕ್ಷಿಗಾಗಿ ತೆಗೆಯೋದಾದರೆ ಕಟ್ ಮಾಡಲೇಬೇಡ್ರಿ. ಮೊದಲು ದೂರದಿಂದ ಇಡೀ ಜಾಗ, ಬೋರ್ಡು, ಯಾರು ಎಲ್ಲಿದ್ದಾರೆ ಅನ್ನೋದು ಕಾಣಲಿ. ಆ ಕಡೆ ಹೋಗಬೇಕಾದರೆ ರೆಕಾರ್ಡಿಂಗ್ ನಿಲ್ಲಿಸದೆ ನಡೆದುಕೊಂಡೇ ಹೋಗ್ರಿ. ಕ್ಯಾಮೆರಾ ನಡೆದು ಗೆರೆ ದಾಟಿದರೆ ನೋಡೋನೂ ಜೊತೆಗೆ ದಾಟ್ತಾನೆ, ಎಡ-ಬಲ ತಪ್ಪಲ್ಲ. ಹಾಡು, ಬರಹ, ಫಿಲ್ಟರ್ ಬೇಡ. ಮೂಲ ಫೈಲ್ ಅದೇ ಫೋನಿನಲ್ಲಿ ಅಳಿಸದೆ ಇಡ್ರಿ, ವಾಟ್ಸಾಪ್‌ನಲ್ಲಿ ಬಂದ ಕಾಪಿ ಸಾಲಲ್ಲ. ಎಲೆಕ್ಟ್ರಾನಿಕ್ ಸಾಕ್ಷಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗ್ತದ, ವಕೀಲರನ್ನ ಕೇಳ್ರಿ. ನೊಂದ ಹೆಣ್ಣುಮಕ್ಕಳ, ಮಕ್ಕಳ ಮುಖ ಎಲ್ಲೂ ಹಾಕಬೇಡ್ರಿ.

ಕತೆ ಮಾಡೋದಾದರೆ ಮೊದಲು ಗೆರೆ ಹಾಕ್ರಿ, ನೆಲದ ಮೇಲೆ ಸುಣ್ಣದಲ್ಲಿ ಬೇಕಾದರೂ ಹಾಕ್ರಿ. ಆಮೇಲೆ ಮೂರು ಪ್ರಶ್ನೆ ಕೇಳ್ಕೊಳ್ರಿ. ಯಾರ ಭುಜದ ಹಿಂದೆ ನಿಂತೀವಿ? ಯಾರ ಕಣ್ಣಿನ ಎತ್ತರಕ್ಕೆ ಇಟ್ಟೀವಿ? ಸೀನ್ ಮುಗಿದ ಮೇಲೆ ಯಾರ ಸಂಗಡ ಹೋಗ್ತೀವಿ? ಈ ಮೂರಕ್ಕೂ ಉತ್ತರ ‘ನಮ್ಮವರು’ ಅಂತ ಬಂದರೆ ಆಮೇಲೆ ಗೌಡರ ಕಡೆಗೂ ಒಂದು ಶಾಟ್ ಧಾರಾಳವಾಗಿ ಕೊಡ್ರಿ. ನಮಗೆ ದ್ವೇಷ ಇಲ್ಲ. ಅವರೂ ಮನುಷ್ಯರಾಗಿ ಕಾಣಲಿ, ನಮ್ಮ ಅಂಗಳದಿಂದ.

2020ರಲ್ಲಿ ‘ಮಹಾನಾಯಕ’ ಧಾರಾವಾಹಿ ಕನ್ನಡದಲ್ಲಿ ಬಂದಾಗ ಹಳ್ಳಿಹಳ್ಳಿಯಲ್ಲಿ ನಮ್ಮ ಜನ ಕೈಯಿಂದ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದರು. ಡಬ್ಬಿಂಗ್ ಸೀರಿಯಲ್‌ಗೆ ಯಾಕಿಷ್ಟು ಅಂತ ಕೆಲವರು ನಕ್ಕರು. ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂತ ಹುಡುಗನ ಸಂಗಡ ಕತೆ ಮನೆಗೆ ಬಂತು, ಗೇಟಿನಲ್ಲಿ ನಿಲ್ಲಲಿಲ್ಲ. ಅವನು ಫ್ರೇಮಿನಿಂದ ಆಚೆ ಹೋದರೆ ಮುಂದಿನ ಶಾಟ್‌ನಲ್ಲಿ ಮತ್ತೆ ಬರ್ತಿದ್ದ. ನಗೋರಿಗೆ ಅದು ಅರ್ಥವಾಗಲ್ಲ, ಯಾಕಂದ್ರೆ ಅವರ ಮುಂದಿನ ಶಾಟ್ ಯಾವತ್ತೂ ತಪ್ಪಿಲ್ಲ.

ಹಂಪಿಗೆ, ಸಂಡೂರಿಗೆ, ಕಂಪ್ಲಿ ಹೊಳೆ ದಂಡೆಗೆ ಶೂಟಿಂಗ್‌ಗೆ ಬರೋ ನಿರ್ದೇಶಕರಿಗೆ ನನ್ನದೊಂದು ವಿನಂತಿ. ಬನ್ನಿ, ಸ್ವಾಗತ. ನಿಮ್ಮ ಆಕ್ಸಿಸ್ ಸರಿಯಾಗಿ ಇಟ್ಕೊಳ್ರಿ. ಆದರೆ ಸ್ಟ್ಯಾಂಡ್ ಊರೋ ಮೊದಲು ಒಂದು ಸಲ ಕೇರಿ ಕಡೆಗೂ ನಡೆದು ಬನ್ನಿ, ಅಲ್ಲಿ ನಿಂತು ಊರು ಹೆಂಗ ಕಾಣ್ತದ ನೋಡ್ರಿ. ಚಾ ಕೊಡ್ತೀವಿ, ನಮ್ಮಲ್ಲಿ ಎಲ್ಲರಿಗೂ ಒಂದೇ ಲೋಟ.

ನಮ್ಮ ಹುಡುಗರ ಕಿರುಚಿತ್ರ ಏಪ್ರಿಲ್ 14ರ ಸಂಜೆ ಕೇರಿಯಲ್ಲೇ ತೋರಿಸ್ತೀವಿ. ಬನ್ನಿ, ನೋಡಿ, ತಪ್ಪಿದ್ದರೆ ಮುಖದ ಮೇಲೆ ಹೇಳ್ರಿ. ಒಪ್ಪಿಗೆ ಆದವರು ಶೇರ್ ಮಾಡಿ, ಒಪ್ಪದವರು ಆ ಎರಡು ಕಾಲಂನ ಲೆಕ್ಕ ಹಾಕ್ಕೊಂಡು ಬಂದು ವಾದ ಮಾಡ್ರಿ, ನಾನು ತಯಾರಿದೀನಿ.

ಜೈ ಭೀಮ್. ಜೈ ಸಂವಿಧಾನ.